ಪುಸ್ತಕಗಳ ಬೀಗವನ್ನು ತೆಗೆಸಿದ ರಂಗನಾಥನ್

ಪ್ರತಿ ವರುಷ ಆಗಸ್ಟ್ ತಿಂಗಳ 12ನೆಯ ತಾರೀಖನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ಆ ದಿನ ಚಿತ್ರದುರ್ಗದ ಜಿಲ್ಲಾ ಗ್ರಂಥಾಲಯಕ್ಕಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಚಿಕ್ಕ ಗ್ರಂಥಾಲಯಗಳಿಗಾಗಲಿ ಹೋದವರು ಮೇಜಿನ ಮೇಲೆ ಹೂಮಾಲೆ ಹಾಕಿ ಇಟ್ಟ ಒಂದು ಪಟವನ್ನು ಕಾಣಬಹುದು. ತಲೆಗೆ ರುಮಾಲು, ಕಣ್ಣಿಗೆ ಕನ್ನಡಕ. ಚಿಕ್ಕ ಮಕ್ಕಳು ಅದನ್ನು ವಿಶ್ವೇಶ್ವರಯ್ಯನವರ ಪಟವೆಂದು ತಿಳಿದರೆ ಆಶ್ಚರ್ಯವಿಲ್ಲ. ಅದು ರುಮಾಲಿನ ದೆಸೆಯಿಂದ ಆಗುವ ತಪ್ಪು. ಆ ಪಟದಲ್ಲಿರುವವರು ಅರಸರಲ್ಲ, ಮಂತ್ರಿಗಳಲ್ಲ, ಸೇನಾಧಿಪತಿಗಳೂ ಅಲ್ಲ. ಪುಸ್ತಕಗಳನ್ನು ಕಾಯುವ ಒಂದು ಉದ್ಯೋಗವನ್ನು ಮೊದಲು ಬೇಡವೆಂದು, ತರುವಾಯ ಅದರಲ್ಲೇ ಪ್ರಾಣವಿಟ್ಟ ಒಬ್ಬ ಲೆಕ್ಕದ ಉಪಾಧ್ಯಾಯರು ಅವರು. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್.

ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಅಜ್ಜನೋ ಮುತ್ತಜ್ಜಿಯೋ ಮೊತ್ತಮೊದಲು ಅಕ್ಷರ ಕಲಿತವರಾಗಿರುತ್ತಾರೆ. ಅವರ ಕೈಗೆ ಒಂದು ಪುಸ್ತಕವು ಬರುವದಕ್ಕೆ ಎಷ್ಟು ಕಷ್ಟವಾಯಿತೆಂಬದನ್ನು ನಾವು ಮನೆಯ ಹಿರಿಯರಿಂದ ಕೇಳಿದ್ದೇವೆ. ಆದಕಾರಣ ಪುಸ್ತಕವು ಬಡವನ ಕೈಗೂ ಬರತಕ್ಕದ್ದೆಂದು ಐವತ್ತು ವರುಷ ಹೋರಾಡಿದ ಈ ಮನುಷ್ಯರ ಜೀವಿತವನ್ನು ನಮ್ಮ ಹಳ್ಳಿಯ ವಾಚಕರು ತಿಳಿದಿರುವದು ಒಳ್ಳೇದೆಂದು ಎಣಿಸಿ ಇದನ್ನು ಬರೆಯುತ್ತೇವೆ.

ರಂಗನಾಥನ್ ಅವರು 1892ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ ಹುಟ್ಟಿದರು. ಅದನ್ನು ಈಗ ಶೀರ್ಕಾಳಿ ಎನ್ನುತ್ತಾರೆ. ಕಾವೇರಿಯ ನೀರುಂಡ ಬತ್ತದ ಸೀಮೆ ಅದು. ನಮ್ಮ ಚಿತ್ರದುರ್ಗದ ಕಡೆಯ ಒಣಭೂಮಿಯಂತಲ್ಲ. ತಂದೆಯಾದ ರಾಮಾಮೃತ ಅಯ್ಯರ್ ಎಂಬವರು ಕೊಂಚ ಭೂಮಿಯುಳ್ಳವರು. ಊರವರನ್ನು ಕೂಡಿಸಿಕೊಂಡು ರಾಮಾಯಣವನ್ನು ಓದಿ ಅರ್ಥ ಹೇಳುವ ಅಭ್ಯಾಸವುಳ್ಳವರು. ಓದಬಲ್ಲವನೊಬ್ಬನು ಓದಲಾರದ ಹತ್ತು ಮಂದಿಗೆ ಓದಿ ತಿಳಿಸುವ ಆ ನೋಟವು ಬಾಲಕನ ಕಣ್ಣಿಗೆ ಬಿದ್ದಿತ್ತು. ಆದರೆ ಮಗನಿಗೆ ಆರು ವರುಷವಾಗುವಷ್ಟರಲ್ಲೇ ತಂದೆಯು ತೀರಿಹೋದರು. ಹುಡುಗನಿಗೆ ದೇಹದಲ್ಲಿ ಬಲವು ಸಾಲದು; ಮಾತನಾಡುವಾಗ ತೊದಲುವ ಬಾಧೆಯೂ ಇತ್ತು. ಮುಂದೆ ಸಾವಿರಾರು ಜನರ ಮುಂದೆ ಉಪನ್ಯಾಸ ಮಾಡಿದವರು ಇವರೇ ಎಂಬದನ್ನು ನೆನಸಿದರೆ, ತೊದಲುವ ಮಕ್ಕಳನ್ನು ನೋಡಿ ನಗುವವರು ಸ್ವಲ್ಪ ತಡೆದಾರು. ಆ ಕಾಲದ ರೂಢಿಯಂತೆ 1907ರಲ್ಲಿ, ಹದಿನೈದು ವರುಷದ ಪ್ರಾಯದಲ್ಲಿಯೇ, ರುಕ್ಮಿಣಿ ಎಂಬ ಕನ್ನಿಕೆಯೊಡನೆ ಅವರಿಗೆ ವಿವಾಹವಾಯಿತು.

ಊರಿನ ಶಾಲೆಯಲ್ಲಿ ಓದು ತೀರಿದ ಮೇಲೆ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರು. ಸ್ಕಾಟ್ಲೆಂಡಿನ ಮಿಷನರಿಗಳು 1837ರಲ್ಲಿ ಆರಂಭಿಸಿದ ಶಾಲೆಯು ಬೆಳೆದು ಕಾಲೇಜಾದದ್ದು ಅದು. ಆಗ ತಾಂಬರಕ್ಕೆ ಹೋಗಿರಲಿಲ್ಲ, ಮದರಾಸು ಪಟ್ಟಣದ ನಡುವೆಯೇ ಇತ್ತು. ಅಲ್ಲಿ ಗಣಿತವನ್ನು ಕಲಿಸುತ್ತಿದ್ದ ಎಡ್ವರ್ಡ್ ರಾಸ್ ಎಂಬ ಅಧ್ಯಾಪಕರು ರಂಗನಾಥನ್ ಅವರಿಗೆ ಬರೇ ಪಾಠ ಹೇಳಿದವರಲ್ಲ, ಜೀವಮಾನವೆಲ್ಲಾ ಗುರುವಾಗಿಯೇ ಉಳಿದರು. ಶಿಷ್ಯರು ಬ್ರಾಹ್ಮಣ ಕುಲದ ಆಚಾರಗಳನ್ನು ಬಿಡದವರು, ಗುರುಗಳು ಸಮುದ್ರದಾಚೆಯಿಂದ ಬಂದವರು. ಹಾಗಿದ್ದರೂ ಇವರಿಬ್ಬರ ಪ್ರೀತಿಗೆ ಅಡ್ಡಿಯಾದದ್ದು ಒಂದೂ ಇಲ್ಲ. ಈ ರಾಸರು ಮುಂದೆ ಒಂದು ಮುಖ್ಯವಾದ ಗಳಿಗೆಯಲ್ಲಿ ತಿರುಗಿ ಬರುವರು. ವಾಚಕರು ಈ ಹೆಸರನ್ನು ನೆನಪಿನಲ್ಲಿಡಬೇಕು.

1913ರಲ್ಲಿ ಬಿ.ಎ., 1916ರಲ್ಲಿ ಎಂ.ಎ. ಪರೀಕ್ಷೆಗಳು ಮುಗಿದವು. 1917ರಿಂದ ಸರಕಾರದ ಕಾಲೇಜುಗಳಲ್ಲಿ ಗಣಿತದ ಉಪಾಧ್ಯಾಯರಾದರು. ಮೊದಲು ಹೋದ ಸ್ಥಳಗಳಲ್ಲಿ ನಮ್ಮ ಮಂಗಳೂರೂ ಒಂದು. ಬಾಸೆಲ್ ಮಿಷನಿನವರು 1841ರಲ್ಲಿ ಅಚ್ಚುಕೂಟವನ್ನಿಟ್ಟು ಕನ್ನಡ ಪುಸ್ತಕಗಳನ್ನು ಸಾವಿರಗಟ್ಟಲೆ ಹೊರಗೆ ಕಳುಹಿಸಿದ ಊರು ಅದೇ. ಆಮೇಲೆ ಕೊಯಿಮುತ್ತೂರು, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಪಾಠ ಹೇಳುವದರಲ್ಲಿ ಅವರಿಗೆ ಬಹಳ ಸಂತೋಷವಿತ್ತು. ಸಂಬಳ ಮಾತ್ರ ಕಡಿಮೆ.

ಹೀಗಿರಲಾಗಿ ಮದರಾಸು ವಿಶ್ವವಿದ್ಯಾಲಯದವರು ತಮ್ಮ ಪುಸ್ತಕಭಂಡಾರಕ್ಕೆ ಒಬ್ಬ ಗ್ರಂಥಪಾಲಕನನ್ನು ನೇಮಿಸಬೇಕೆಂದು ಮಾಡಿದರು. ಸಂಬಳವು ಉಪಾಧ್ಯಾಯನ ಸಂಬಳಕ್ಕಿಂತ ಹೆಚ್ಚು. ಸ್ನೇಹಿತರು ಬಲವಂತಮಾಡಿ ರಂಗನಾಥನ್ ಅವರಿಂದಲೂ ಅರ್ಜಿ ಹಾಕಿಸಿದರು. ಗ್ರಂಥಾಲಯದ ವಿಷಯವಾಗಿ ಅವರಿಗೆ ತಿಳಿದಿದ್ದದ್ದೆಲ್ಲಾ, ಸಂದರ್ಶನಕ್ಕೆ ಕೆಲವು ದಿನಗಳ ಮುಂಚೆ ಒಂದು ವಿಶ್ವಕೋಶದಲ್ಲಿ ಓದಿಕೊಂಡ ಒಂದು ಲೇಖನ ಮಾತ್ರ. ಆದರೂ ಕೆಲಸವು ಸಿಕ್ಕಿತು. 1924ನೆಯ ಇಸವಿಯ ಜನವರಿಯಲ್ಲಿ ಅವರು ಹೋಗಿ ಆ ಕುರ್ಚಿಯಲ್ಲಿ ಕುಳಿತರು.

ಕುಳಿತವರಿಗೆ ಮಾಡುವದಕ್ಕೆ ಏನೂ ಇರಲಿಲ್ಲ. ಬರುವವರು ಬೆರಳೆಣಿಕೆಯಷ್ಟು. ನಿತ್ಯವೂ ವಿದ್ಯಾರ್ಥಿಗಳ ಗದ್ದಲದ ನಡುವೆ ಇದ್ದವರಿಗೆ ಆ ಮೌನವು ಸೆರೆಮನೆಯಂತಾಯಿತು. ಒಂದು ವಾರವೂ ತುಂಬುವ ಮುಂಚೆ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋಗಿ, ತನ್ನನ್ನು ತಿರುಗಿ ಪಾಠಕ್ಕೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡರು. ಅವರು ಒಂದು ಕರಾರು ಮಾಡಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಬೇಕು. ಬಂದ ಮೇಲೆಯೂ ಬೇಸರವೇ ಇದ್ದರೆ ಹಳೇ ಕೆಲಸವನ್ನು ಕೊಡಲಾಗುವದು. ಆ ಕರಾರಿಗೆ ಒಪ್ಪಿ 1924ರ ಸೆಪ್ಟೆಂಬರದಲ್ಲಿ ಅವರು ಹಡಗು ಹತ್ತಿದರು.

ಲಂಡನ್ ಪಟ್ಟಣದ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ದೊರಕಿದವರು ಸೇಯರ್ಸ್ ಎಂಬವರು. ಕ್ರಾಯ್ಡನ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಅವರೇ. ತರಗತಿಯಲ್ಲಿ ಕಲಿತದ್ದಕ್ಕಿಂತ ಹೊರಗೆ ನೋಡಿ ಕಲಿತದ್ದೇ ಹೆಚ್ಚು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಅವರು ತಿರುಗಾಡಿ ನೋಡಿದರು. ಅಲ್ಲಿ ಕೂಲಿಯವರೂ ಮನೆಗೆಲಸದ ಹೆಂಗಸರೂ ಚಿಕ್ಕ ಮಕ್ಕಳೂ ತಾವೇ ಕಪಾಟಿನ ಬಳಿಗೆ ಹೋಗಿ, ಪುಸ್ತಕವನ್ನು ತಾವೇ ಆರಿಸಿ, ಕಾಸು ಕೊಡದೆ ಮನೆಗೆ ಒಯ್ಯುತ್ತಿದ್ದರು. ಮಕ್ಕಳಿಗೆ ಪ್ರತ್ಯೇಕವಾದ ಕೋಣೆ, ಕಥೆ ಹೇಳುವ ವೇಳೆ. ಮದರಾಸಿನಲ್ಲಿ ಎಂ.ಎ. ಓದಿದವನೂ ಕಾಣದಿದ್ದ ಸೌಕರ್ಯವನ್ನು ಅಲ್ಲಿ ಬಂಡಿ ಹೊಡೆಯುವವನ ಮಗಳು ಅನುಭವಿಸುತ್ತಿದ್ದಳು. ಈ ವ್ಯತ್ಯಾಸವೇ ಅವರ ಮನಸ್ಸಿಗೆ ನಾಟಿತು. ಬೇಸರದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅದೇ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಅವರು ಮಕ್ಕಳ ಆಟದ ಸಾಮಾನೊಂದನ್ನು ಕಂಡರು. ತೂತುಳ್ಳ ಲೋಹದ ಪಟ್ಟಿಗಳು, ತಿರುಪುಗಳು, ಚಕ್ರಗಳು. ಒಂದು ರೀತಿಯಾಗಿ ಜೋಡಿಸಿದರೆ ಬಂಡಿ, ಇನ್ನೊಂದು ರೀತಿಯಾಗಿ ಜೋಡಿಸಿದರೆ ಸೇತುವೆ. ಪುಸ್ತಕಗಳ ವಿಷಯಗಳನ್ನೂ ಹೀಗೆಯೇ ಚಿಕ್ಕ ತುಂಡುಗಳಿಂದ ಜೋಡಿಸಿ ಗುರುತು ಹಾಕಬಹುದಲ್ಲವೇ ಎಂಬ ಯೋಚನೆಯು ಆಗ ಹುಟ್ಟಿತು. ಆ ಗುರುತುಗಳ ನಡುವೆ ಎರಡು ಚುಕ್ಕೆಗಳ ಕೋಲನ್ ಎಂಬ ಚಿಹ್ನೆಯನ್ನು ಇಟ್ಟದ್ದರಿಂದ ಅದಕ್ಕೆ ಕೋಲನ್ ವರ್ಗೀಕರಣವೆಂದು ಹೆಸರಾಯಿತು. 1933ರಲ್ಲಿ ಅದು ಪುಸ್ತಕವಾಗಿ ಹೊರಟಿತು. 1925ರಲ್ಲಿ ಊರಿಗೆ ತಿರುಗಿ ಬರುವಾಗ ಹಡಗಿನಲ್ಲಿದ್ದ ಪುಸ್ತಕಗಳನ್ನೇ ಅವರು ಈ ಕ್ರಮದಂತೆ ಜೋಡಿಸಿ ಪರೀಕ್ಷೆ ಮಾಡಿದರೆಂದು ಹೇಳುತ್ತಾರೆ. ವಿದ್ವಾಂಸರು ಅವರನ್ನು ಹೆಚ್ಚಾಗಿ ಈ ಕೆಲಸಕ್ಕಾಗಿಯೇ ಹೊಗಳುತ್ತಾರೆ. ಹಳ್ಳಿಯವರಾದ ನಮಗೆ ಅವರ ಬೇರೆ ಕೆಲಸವು ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಅದು ಯಾವದೆಂದರೆ ಬೀಗ ತೆಗೆಸಿದ್ದು. ಆ ಕಾಲದಲ್ಲಿ ನಮ್ಮ ದೇಶದ ಪುಸ್ತಕಭಂಡಾರಗಳು ಹೇಗಿದ್ದವೆಂದರೆ, ಪುಸ್ತಕಗಳೆಲ್ಲಾ ಬೀರುವಿನೊಳಗೆ, ಬೀರುವಿಗೆ ಬೀಗ, ಬೀಗದ ಕೈ ಗುಮಾಸ್ತರ ಸೊಂಟದಲ್ಲಿ. ಓದುವವನು ಕಾಣದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟು ಕಾಯಬೇಕು. ಒಂದು ಪುಸ್ತಕ ಕಳೆದರೆ ಬೆಲೆಯನ್ನು ಗುಮಾಸ್ತರೇ ತೆರಬೇಕಾಗಿದ್ದರಿಂದ ಅವರೂ ಕೊಡಲೊಲ್ಲರು; ಅವರನ್ನು ದೂಷಿಸಿ ಪ್ರಯೋಜನವೇನು? ರಂಗನಾಥನ್ ಅವರು ಕಪಾಟುಗಳನ್ನು ತೆರೆದಿಟ್ಟರು. ಓದುವವರು ತಾವೇ ಒಳಗೆ ಹೋಗಿ ಪುಸ್ತಕಗಳನ್ನು ಮುಟ್ಟಿ, ತೆರೆದು, ನೋಡಿ ತೆಗೆದುಕೊಳ್ಳುವ ಹಾಗೆ ಮಾಡಿದರು. ಬಾಗಿಲು ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. ಹೊಸದಾಗಿ ಬಂದವನು ತಬ್ಬಿಬ್ಬಾಗಿ ನಿಂತರೆ ಬಳಿಗೆ ಹೋಗಿ ಏನು ಬೇಕೆಂದು ವಿಚಾರಿಸಿ ಸಹಾಯ ಮಾಡುವದೂ ಗ್ರಂಥಪಾಲಕನ ಕೆಲಸವೆಂದು ಏರ್ಪಡಿಸಿದರು. ತಾನಾದರೋ ದಿನಕ್ಕೆ ಹದಿಮೂರು ತಾಸು, ವಾರದ ಏಳು ದಿನವೂ, ರಜೆಯಿಲ್ಲದೆ ಇಪ್ಪತ್ತು ವರುಷ ದುಡಿದರೆಂದು ಪ್ರಸಿದ್ಧಿಯಾಗಿದೆ. ಇದನ್ನು ಎಲ್ಲರೂ ಅನುಸರಿಸತಕ್ಕ ಮಾದರಿಯೆಂದು ನಾವು ಹೇಳಲಾರೆವು. ಏಳನೆಯ ದಿನದ ವಿಶ್ರಾಂತಿಯನ್ನು ಬಲ್ಲವರು ನಾವು. ಮನೆಯವರಿಗೆ ಅದು ಎಷ್ಟು ಭಾರವಾಗಿತ್ತೋ ಎಂಬ ಯೋಚನೆಯೂ ನಮಗೆ ಬರುತ್ತದೆ.

1928ನೆಯ ಇಸವಿಯು ಅವರ ಜೀವಿತದಲ್ಲಿ ದೊಡ್ಡದು. ಆ ವರುಷದ ಆದಿಯಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪಿತವಾಯಿತು. ಅದೇ ವರುಷದ ಕೊನೆಯ ಭಾಗದಲ್ಲಿ ಹೆಂಡತಿಯಾದ ರುಕ್ಮಿಣಿಯು ಅಕಸ್ಮಾತ್ತಾದ ಅಪಾಯದಿಂದ ತೀರಿಕೊಂಡರು. ಮರುವರುಷ ಅವರು ಶಾರದಾ ಎಂಬವರನ್ನು ಮದುವೆಯಾದರು.

ಆ 1928ರಲ್ಲೇ ಒಂದು ಸಾಯಂಕಾಲ ನಡೆದ ಸಂಗತಿಯನ್ನು ಈಗ ಹೇಳಬೇಕು. ಗ್ರಂಥಾಲಯದ ಕೆಲಸದಲ್ಲಿ ನೂರಾರು ನಿಯಮಗಳಿರುತ್ತವೆ: ಹೇಗೆ ಜೋಡಿಸುವದು, ಹೇಗೆ ಬರೆದಿಡುವದು, ಎಷ್ಟು ದಿನ ಕೊಡುವದು ಎಂಬಂಥವು. ಇವೆಲ್ಲವೂ ಯಾವ ಬೇರಿನಿಂದ ಹುಟ್ಟಿ ಬಂದವು, ಗಣಿತದಲ್ಲಿರುವ ಹಾಗೆ ಕೆಲವೇ ಮೂಲಸೂತ್ರಗಳು ಇಲ್ಲಿಯೂ ಇರಬಾರದೇ ಎಂದು ರಂಗನಾಥನ್ ಅವರು ಬಹುದಿನಗಳಿಂದ ಚಿಂತಿಸುತ್ತಿದ್ದರು. ಉತ್ತರವು ಸಿಕ್ಕಿರಲಿಲ್ಲ. ಆ ಸಾಯಂಕಾಲ ಹಳೇ ಗುರುಗಳಾದ ರಾಸರು ಶಿಷ್ಯನನ್ನು ನೋಡುವದಕ್ಕೆ ಬಂದರು. ಶಿಷ್ಯನ ಮುಖವು ಚಿಂತೆಯಿಂದ ಬಾಡಿದ್ದನ್ನು ಕಂಡು ಕಾರಣ ಕೇಳಿದರು. ರಂಗನಾಥನ್ ಅವರು ತಮ್ಮ ತೊಡಕನ್ನು ವಿವರಿಸುತ್ತಿರಲಾಗಿ ಗುರುಗಳು ಸರಳವಾಗಿ, ಪುಸ್ತಕಗಳು ಇರುವದೇ ಜನರು ಉಪಯೋಗಿಸುವದಕ್ಕಾಗಿ, ನಿನ್ನ ಮೊದಲನೆಯ ಸೂತ್ರವು ಇದೇ ಅಲ್ಲವೇ ಎಂಬ ಅರ್ಥದ ಮಾತನ್ನು ಆಡಿ ಹೊರಟುಹೋದರು. ಅಷ್ಟೇ. ತಿಂಗಳುಗಟ್ಟಲೆ ಹುಡುಕಿದ ಬಾಗಿಲು ಆ ಒಂದು ಮಾತಿನಿಂದ ತೆರೆಯಿತು. ಮಿಕ್ಕ ನಾಲ್ಕು ಸೂತ್ರಗಳು ಅದರ ಹಿಂದೆಯೇ ಹೊಳೆದವು. ವರುಷದ ಕೊನೆಗೆ ಅವರು ಚಿದಂಬರದಲ್ಲಿ ಅವುಗಳನ್ನು ಉಪಾಧ್ಯಾಯರ ಮುಂದೆ ವಿವರಿಸಿದರು. 1931ರಲ್ಲಿ ಅವು ಪುಸ್ತಕವಾದವು. ಮೊದಲನೆಯ ಸೂತ್ರವನ್ನು ಕೊಟ್ಟವರು ತನ್ನ ಗುರುಗಳೇ ಎಂಬದನ್ನು ಶಿಷ್ಯರು ಎಂದೂ ಮರೆಮಾಡಲಿಲ್ಲ.

ಉಪಯೋಗಕ್ಕಾಗಿ ಎಂಬ ಈ ಮಾತು ಕೇಳುವದಕ್ಕೆ ಎಷ್ಟೋ ಸಾಮಾನ್ಯವಾಗಿದೆ. ಆದರೆ ಯೂರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಕಬ್ಬಿಣದ ಸರಪಣಿಯಿಂದ ಮೇಜಿಗೆ ಕಟ್ಟಿಹಾಕುತ್ತಿದ್ದರು. ನಮ್ಮಲ್ಲಿ ಓಲೆಗರಿಯ ಕಟ್ಟುಗಳನ್ನು ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟು ವರುಷಕ್ಕೊಮ್ಮೆ ಪೂಜೆ ಮಾಡಿದ ಮನೆಗಳು ಎಷ್ಟಿಲ್ಲ? ಕೊಂಡ ಪುಸ್ತಕವು ಮಾಸೀತೆಂದು ಮಕ್ಕಳಿಗೆ ಮುಟ್ಟಗೊಡದವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಎರಡನೆಯ ಸೂತ್ರವು ಇದಕ್ಕಿಂತಲೂ ಖಡಾಖಂಡಿತವಾದದ್ದು. ಓದುವ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಪುಸ್ತಕವು ದೊರಕತಕ್ಕದ್ದು ಎಂಬದು ಅದರ ತಾತ್ಪರ್ಯ. ಪ್ರತಿಯೊಬ್ಬನೂ ಎಂದಾಗ ಯಾರನ್ನೂ ಬಿಡಲಿಲ್ಲ: ಹೆಂಗಸರು, ಬಡವರು, ಕುರುಡರು, ಸೆರೆಯಲ್ಲಿರುವವರು, ಹೊಲದಲ್ಲಿ ದುಡಿಯುವವರು. ಇಂಥ ಜಾತಿಯವನು ಓದಬಾರದು, ಹೆಣ್ಣು ಓದಬಾರದು ಎಂದು ಹೇಳುತ್ತಿದ್ದ ದೇಶದಲ್ಲಿ ಈ ಸೂತ್ರವು ಎಷ್ಟು ದೂರ ಹೋಗುತ್ತದೆಂಬದು ನಮ್ಮ ಸಭೆಗಳಲ್ಲಿರುವವರಿಗೆ ಬೇರೆಯವರು ವಿವರಿಸಬೇಕಾದದ್ದಿಲ್ಲ. ಅಕ್ಷರವೇ ಬಾರದವರ ಗತಿಯೇನು ಎಂದು ಕೇಳುವವರಿಗೂ ಅವರ ಬಳಿ ಉತ್ತರವಿತ್ತು. ಅಂಥವರಿಗೆ ಓದಿ ಹೇಳುವ ಜನವನ್ನು ಗ್ರಂಥಾಲಯವೇ ಒದಗಿಸಬೇಕೆಂದು ಅವರು ಎಣಿಸಿದರು. ಶಿಯಾಳಿಯಲ್ಲಿ ತಂದೆಯು ಮಾಡಿದ್ದೂ ಅದೇ. ಮಿಕ್ಕ ಮೂರರಲ್ಲಿ, ಪ್ರತಿ ಪುಸ್ತಕಕ್ಕೂ ಓದುಗನನ್ನು ಹುಡುಕಿಕೊಡಬೇಕೆಂಬದೊಂದು, ಓದುಗನ ವೇಳೆಯನ್ನು ಉಳಿಸಬೇಕೆಂಬದೊಂದು, ಗ್ರಂಥಾಲಯವು ಜೀವವುಳ್ಳ ಗಿಡದಂತೆ ಬೆಳೆಯುತ್ತಲೇ ಇರುವದೆಂಬದೊಂದು.

ಓದುಗನು ಪುಸ್ತಕದ ಬಳಿಗೆ ಬರಲಾರದಿದ್ದರೆ ಪುಸ್ತಕವೇ ಅವನ ಬಳಿಗೆ ಹೋಗಬೇಕು. ಇದರ ದೃಷ್ಟಾಂತವು 1931ನೆಯ ಇಸವಿಯ ಅಕ್ಟೋಬರದಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯ ಬಳಿ ಕಂಡುಬಂತು. ಮೇಲವಾಸಲ್ ಎಂಬ ಹಳ್ಳಿಯ ಕನಕಸಭೈ ಪಿಳ್ಳೆ ಎಂಬವರು ರಂಗನಾಥನ್ ಅವರ ಪ್ರೇರಣೆಯಿಂದ ಒಂದು ಎತ್ತಿನ ಬಂಡಿಯನ್ನೇ ಪುಸ್ತಕಭಂಡಾರವಾಗಿ ಮಾಡಿಸಿದರು. ಬಂಡಿಯ ಮೇಲೆ ಪೆಟ್ಟಿಗೆಯಂಥ ಗೂಡು, ಗೂಡಿನಲ್ಲಿ ಪುಸ್ತಕಗಳ ಸಾಲು. ಬಂಡಿಯು ಹಳ್ಳಿಯಿಂದ ಹಳ್ಳಿಗೆ ಹೋಗಿ ನಿಲ್ಲುವದು. ಜನರು ಪುಸ್ತಕಗಳನ್ನು ತೆಗೆದುಕೊಂಡು, ಬಂಡಿಯು ಮತ್ತೆ ಬಂದಾಗ ಹಿಂದಕ್ಕೆ ಕೊಟ್ಟು ಬೇರೆಯವುಗಳನ್ನು ಪಡೆಯುವರು. ಎಣ್ಣೆ ಬೇಡ, ಯಂತ್ರ ಬೇಡ, ಎರಡು ಎತ್ತು ಸಾಕು. ಸುಗ್ಗಿಯಲ್ಲಿ ಹೊರೆ ಹೊತ್ತು ಬರುವ ಬಂಡಿಯನ್ನು ಕಂಡು ಬಲ್ಲ ಹಳ್ಳಿಗರಿಗೆ ಪುಸ್ತಕ ಹೊತ್ತು ಬಂದ ಬಂಡಿಯು ಎಂಥ ನೋಟವಾಗಿರಬೇಡ!

ಈ ಯೋಚನೆಯು ಇವರೊಬ್ಬರಿಗೇ ಹೊಳೆದದ್ದಲ್ಲವೆಂದು ಹೇಳುವದು ನ್ಯಾಯ. ಬಡೋದೆಯ ಮಹಾರಾಜರಾದ ಸಯಾಜಿರಾಯರು 1910ರಲ್ಲೇ ಅಮೇರಿಕದಿಂದ ತಜ್ಞರನ್ನು ಕರಿಸಿ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆಗಳನ್ನು ಕಳುಹಿಸುವ ಏರ್ಪಾಡು ಮಾಡಿದ್ದರು. ನಮ್ಮ ಹಾವೇರಿಯ ಕಡೆಯ ಗಳಗನಾಥರು, 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಹೋದ ಆ ಕಾದಂಬರಿಕಾರರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮಿಷನಿನ ಪುಸ್ತಕ ಮಾರುವವರು ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ನಿಂತು ಸುವಾರ್ತೆಗಳನ್ನೂ ಚಿಕ್ಕ ಪುಸ್ತಕಗಳನ್ನೂ ಹಂಚಿದ ಸಂಗತಿಯನ್ನು ನಮ್ಮ ಹಿರಿಯರು ಬಲ್ಲರು. ಮೈಸೂರು ಸಂಸ್ಥಾನದಲ್ಲಿ, ಚಿತ್ರದುರ್ಗವು ಅದರ ಒಂದು ಜಿಲ್ಲೆಯಾಗಿದ್ದ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು, ಮೈಸೂರು ಪಟ್ಟಣಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಹುಟ್ಟಿದವು. 1940ರ ಸುಮಾರಿಗೆ ಹುಟ್ಟಿದ ವಯಸ್ಕರ ಶಿಕ್ಷಣದ ಸಮಿತಿಯು ರಾತ್ರಿಶಾಲೆಗಳನ್ನೂ ಹಳ್ಳಿಯ ಪುಸ್ತಕಭಂಡಾರಗಳನ್ನೂ ನಡಿಸಿ, ಹೊಸದಾಗಿ ಓದು ಕಲಿತವರಿಗಾಗಿ ಬೆಳಕು ಎಂಬ ವಾರಪತ್ರಿಕೆಯನ್ನು ಹೊರಡಿಸಿತು.

ಆದರೆ ಇವುಗಳಿಗೆಲ್ಲಾ ಒಂದು ಕೊರತೆಯಿತ್ತು. ಅರಸನಿಗೆ ಮನಸ್ಸಿರುವ ತನಕ, ಧರ್ಮಿಷ್ಠನ ಕೈಯಲ್ಲಿ ಹಣವಿರುವ ತನಕ, ಉತ್ಸಾಹವುಳ್ಳ ಯುವಕರು ಊರಲ್ಲಿರುವ ತನಕ ಪುಸ್ತಕಭಂಡಾರವು ನಡೆಯುತ್ತದೆ. ಅವರು ಹೋದ ಮೇಲೆ ಗೆದ್ದಲಿನ ಪಾಲು. ಲೆಕ್ಕ ಬಲ್ಲವರಾದ ರಂಗನಾಥನ್ ಅವರು ಇದನ್ನು ಬೇಗ ಕಂಡುಕೊಂಡರು. ಬಾವಿ, ರಸ್ತೆ, ದೀಪಗಳಂತೆ ಗ್ರಂಥಾಲಯವೂ ತೆರಿಗೆಯ ಹಣದಿಂದ ನಡೆಯಬೇಕು, ಅದಕ್ಕೆ ಕಾನೂನಿನ ಬಲವಿರಬೇಕು, ಓದುವವನು ಭಿಕ್ಷುಕನಂತಲ್ಲ, ಹಕ್ಕುದಾರನಂತೆ ಒಳಗೆ ಬರಬೇಕು ಎಂಬದು ಅವರ ನಿಶ್ಚಯವಾಯಿತು. 1930ರಲ್ಲಿ ಕಾಶಿಯಲ್ಲಿ ಕೂಡಿದ ಶಿಕ್ಷಣ ಸಮ್ಮೇಳನದ ಮುಂದೆ ಅಂಥ ಕಾನೂನಿನ ಒಂದು ಮಾದರಿಯನ್ನು ಇಟ್ಟರು. ಅಂದಿನಿಂದ ಹದಿನೆಂಟು ವರುಷ ಅವರು ಕಾದರು. 1948ರಲ್ಲಿ ಮದರಾಸು ಪ್ರಾಂತದ ಗ್ರಂಥಾಲಯ ಕಾಯಿದೆಯು ಅಂಗೀಕಾರವಾಯಿತು. ಸ್ವತಂತ್ರ ಭಾರತದಲ್ಲಿ ಇಂಥ ಪ್ರಾಂತೀಯ ಕಾಯಿದೆಗಳಲ್ಲಿ ಅದೇ ಮೊದಲನೆಯದು.

ಅಷ್ಟರಲ್ಲಿ ಅವರು ಮದರಾಸನ್ನು ಬಿಟ್ಟಿದ್ದರು. ಮೇಲಿನವರೊಡನೆ ಮನಸ್ತಾಪವುಂಟಾಗಿ 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅಸ್ತವ್ಯಸ್ತವಾಗಿ ಬಿದ್ದಿದ್ದ ಸುಮಾರು ಒಂದು ಲಕ್ಷ ಪುಸ್ತಕಗಳಿಗೆ ತಾವೇ ಕುಳಿತು ಗುರುತು ಹಾಕಿದರು. 1947ರಿಂದ ದಿಲ್ಲಿ, 1954ರ ಮೇಲೆ ಕೆಲವು ವರುಷ ಸ್ವಿಟ್ಜರ್ಲೆಂಡಿನ ಜೂರಿಕ್. ಈ ನಡುವೆ ತನ್ನ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು, ತನ್ನೊಡನೆ ಮನಸ್ತಾಪ ಮಾಡಿಕೊಂಡಿದ್ದ ಅದೇ ಮದರಾಸು ವಿಶ್ವವಿದ್ಯಾಲಯಕ್ಕೆ, ಗ್ರಂಥಾಲಯದ ವಿದ್ಯೆಯನ್ನು ಕಲಿಸುವ ಒಂದು ಪೀಠಕ್ಕಾಗಿ ಹೆಂಡತಿಯಾದ ಶಾರದೆಯ ಹೆಸರಿನಲ್ಲಿ ಕೊಟ್ಟರು. ಗ್ರಂಥಪಾಲಕನ ಸಂಬಳದಿಂದ ಆ ಮೊತ್ತವು ಕೂಡಿಬರಬೇಕಾದರೆ ಎಷ್ಟು ಮಿತವಾಗಿ ಬಾಳಿರಬೇಕು!

1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲಸಿದರು. ಅದೇ ವರುಷ ಸರಕಾರವು ಪದ್ಮಶ್ರೀ ಬಿರುದನ್ನು ಕೊಟ್ಟಿತು. ವಯಸ್ಸು ಅರವತ್ತೈದು. ಸಾಮಾನ್ಯರು ಜಗಲಿಯಲ್ಲಿ ಕೂಡುವ ಪ್ರಾಯ. ಇವರಾದರೋ 1962ರಲ್ಲಿ ಗ್ರಂಥಪಾಲಕರಿಗೆ ಶಿಕ್ಷಣ ಕೊಡುವ ಒಂದು ಸಂಸ್ಥೆಯನ್ನು ಅಲ್ಲಿಯೇ ಆರಂಭಿಸಿದರು. ಅದು ಈಗಲೂ ನಡೆಯುತ್ತಿದೆ. ಕನ್ನಡನಾಡಿಗೆ ಅವರಿಂದಾದ ದೊಡ್ಡ ಉಪಕಾರವು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಅದರ ಕರಡಿನಲ್ಲಿ ಅವರ ಕೈಯಿತ್ತು. ಆಗ ನಮ್ಮ ರಾಜ್ಯಕ್ಕೆ ಮೈಸೂರೆಂದೇ ಹೆಸರು. 1966ನೆಯ ಇಸವಿಯ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಆ ಕಾಯಿದೆಯ ಪ್ರಕಾರ ಮನೆ, ನಿವೇಶನ ಮೊದಲಾದವುಗಳ ತೆರಿಗೆಯ ಮೇಲೆ ರೂಪಾಯಿಗೆ ಇಷ್ಟು ಪೈಸೆಯೆಂದು ಗ್ರಂಥಾಲಯದ ಕರವು ಸೇರುತ್ತದೆ. ಈಗ ಅದು ಆರು ಪೈಸೆ. ಹಿರಿಯೂರಿನಲ್ಲಿ ಮನೆಯ ಕಂದಾಯ ಕಟ್ಟಿದವನಾಗಲಿ, ಹೊಳಲ್ಕೆರೆಯಲ್ಲಿ ಅಂಗಡಿಯ ಕಂದಾಯ ಕಟ್ಟಿದವನಾಗಲಿ ತನ್ನ ರಶೀದಿಯನ್ನು ಬಿಡಿಸಿ ನೋಡಿದರೆ ಇದನ್ನು ಕಾಣಬಹುದು. ಗ್ರಂಥಾಲಯದೊಳಗೆ ಕಾಲಿಡದವನೂ ಅದಕ್ಕೆ ಹಣ ಕೊಟ್ಟವನೇ ಆಗಿರುತ್ತಾನೆ. ಹೀಗೆ ಕೂಡಿದ ಹಣವು ಅನೇಕ ಪಟ್ಟಣಗಳಲ್ಲಿ ವೇಳೆಗೆ ಸರಿಯಾಗಿ ಗ್ರಂಥಾಲಯಕ್ಕೆ ತಲಪದೆ ಬಾಕಿ ಉಳಿಯುತ್ತದೆಂಬ ದೂರು ಹಳೇದು. ಕಾಯಿದೆ ಬರೆದವರ ತಪ್ಪು ಅದಲ್ಲ.

1972ನೆಯ ಇಸವಿಯ ಸೆಪ್ಟೆಂಬರ್ 27ರಂದು, ಎಂಭತ್ತು ವರುಷದ ಪ್ರಾಯದಲ್ಲಿ, ಅವರು ಬೆಂಗಳೂರಿನಲ್ಲಿ ತೀರಿಹೋದರು. ಅವರ ವರ್ಗೀಕರಣದ ಕ್ರಮವನ್ನು ಲೋಕವು ಮೆಚ್ಚಿದರೂ ಅನುಸರಿಸಿದ ಗ್ರಂಥಾಲಯಗಳು ಕೊಂಚವೇ. ಅದು ಕಠಿಣವೆಂದು ಬಹಳ ಮಂದಿ ಬಿಟ್ಟರು. ತನ್ನಂತೆ ಎಲ್ಲರೂ ದುಡಿಯಬೇಕೆಂದು ಎಣಿಸುವ ಅವರ ಕೈಕೆಳಗೆ ಇರುವದು ಸುಲಭವಾಗಿರಲಿಲ್ಲವೆಂದೂ ಹೇಳುತ್ತಾರೆ. ಐದು ಸೂತ್ರಗಳು ಮಾತ್ರ ಲೋಕದ ಎಲ್ಲಾ ಕಡೆಗಳಲ್ಲಿ ಈ ವಿದ್ಯೆಯನ್ನು ಕಲಿಯುವವರ ಬಾಯಲ್ಲಿವೆ.

ಇನ್ನು ನಮ್ಮ ಸೀಮೆಯ ಮಾತು. ಕಾಯಿದೆಯ ಫಲವಾಗಿ ಜಿಲ್ಲಾ ಕೇಂದ್ರದಲ್ಲಿಯೂ ತಾಲ್ಲೂಕಿನ ಊರುಗಳಲ್ಲಿಯೂ ಗ್ರಂಥಾಲಯಗಳಾದವು. ಕ್ರಮೇಣ ಗ್ರಾಮ ಪಂಚಾಯಿತಿಗಳಲ್ಲಿಯೂ ಆದವು. ಇಡೀ ರಾಜ್ಯದಲ್ಲಿ ಇಂಥ ಹಳ್ಳಿಯ ಗ್ರಂಥಾಲಯಗಳು 5,000ಕ್ಕೂ ಹೆಚ್ಚು ಇವೆ. ಅವುಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರು ಬಹುಕಾಲ ಅಲ್ಪವಾದ ಗೌರವಧನಕ್ಕೆ, ದಿನದಲ್ಲಿ ಕೆಲವೇ ತಾಸು ಕೆಲಸ ಮಾಡಿದವರು. ಬಾಗಿಲು ತೆರೆದಿರುವ ವೇಳೆಯಲ್ಲಿ ರೈತನು ಹೊಲದಲ್ಲಿ, ಮಗುವು ಶಾಲೆಯಲ್ಲಿ; ಅವರಿಗೆ ಬಿಡುವಾಗುವ ವೇಳೆಗೆ ಬೀಗ. ಹೀಗೆ ರಂಗನಾಥನ್ ಅವರು ತೆಗೆಸಿದ ಬೀಗವು ಎಷ್ಟೋ ಊರುಗಳಲ್ಲಿ ಬೇರೆ ರೂಪದಿಂದ ತಿರುಗಿ ಬಂದಿತ್ತು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳನ್ನು ಪಂಚಾಯಿತಿಗಳ ಇಲಾಖೆಗೆ ಒಪ್ಪಿಸಿದರು. ಈಗ ಅವುಗಳಿಗೆ ಅರಿವು ಕೇಂದ್ರಗಳೆಂದು ಹೆಸರು. 2020ರಲ್ಲಿ ಕೊರೋನಾ ರೋಗದಿಂದ ಶಾಲೆಗಳೆಲ್ಲಾ ಮುಚ್ಚಿಹೋಗಿ ಮಕ್ಕಳು ಕಲಿತದ್ದನ್ನೂ ಮರೆಯುತ್ತಿದ್ದಾಗ, ಆ ವರುಷದ ನವೆಂಬರದಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮವು ಆರಂಭವಾಯಿತು. ಆರರ ಮೇಲ್ಪಟ್ಟು ಹದಿನೆಂಟರ ತನಕ ಪ್ರಾಯವುಳ್ಳ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಬರೆದುಕೊಂಡು, ಪುಸ್ತಕಗಳನ್ನು ಮನೆಗೆ ಕೊಟ್ಟುಕಳುಹಿಸುವದು ಅದರ ಉದ್ದೇಶ.

ಇಲ್ಲಿ ಸಂಬಳವಿಲ್ಲದ ಜನರು ಕೆಲಸಕ್ಕೆ ಬಂದರು. ಶಾಲೆಯ ಉಪಾಧ್ಯಾಯರು, ಓದು ಮುಗಿಸಿ ಮನೆಯಲ್ಲಿರುವ ತರುಣಿಯರು, ಪೇಟೆಯಿಂದ ಊರಿಗೆ ತಿರುಗಿ ಬಂದ ಯುವಕರು ಮಕ್ಕಳನ್ನು ಕೂಡಿಸಿಕೊಂಡು ಕಥೆ ಓದುವದು, ಓದಿದ್ದನ್ನು ಮಕ್ಕಳಿಂದಲೇ ಹೇಳಿಸುವದು, ಚಿತ್ರ ಬರಿಸುವದು, ಮನೆಮನೆಗೆ ಹೋಗಿ ಓದಿ ಬಿಟ್ಟ ಪುಸ್ತಕಗಳನ್ನು ದಾನವಾಗಿ ಬೇಡಿ ತರುವದು, ಇಂಥ ಕೆಲಸಗಳನ್ನು ಕೈಕೊಂಡ ಊರುಗಳುಂಟು. ಕಾನೂನು ಕೋಣೆಯನ್ನೂ ಕಪಾಟನ್ನೂ ಕೊಡಬಲ್ಲದು; ನಾಚಿಕೊಂಡು ಬಾಗಿಲಲ್ಲೇ ನಿಂತ ಹುಡುಗಿಯ ಕೈ ಹಿಡಿದು ಒಳಗೆ ಕರಕೊಂಡು ಬರುವದು ಕಾನೂನಿಗೆ ಆಗದು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹೀಗೆ ಸಹಾಯ ಮಾಡತಕ್ಕವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳಿ ಬಲ್ಲವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಮೇಲ್ವಿಚಾರಕರನ್ನು ಕಂಡು ವಾರಕ್ಕೆ ಒಂದು ಸಾಯಂಕಾಲ ಓದಿ ಹೇಳುತ್ತೇವೆಂದರೆ ಬೇಡವೆನ್ನುವವರು ಕಡಿಮೆ.

ನವೆಂಬರ್ 14ರಿಂದ 20ರ ತನಕ ಗ್ರಂಥಾಲಯದ ಸಪ್ತಾಹವು ನಡೆಯುತ್ತದೆ. ಆ ವಾರ ಹಳೇ ಪುಸ್ತಕಗಳ ಧೂಳು ಒರಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಅವುಗಳಲ್ಲಿ ಒಂದನ್ನು ತೆಗೆದು ನೋಡಿದರೆ ಒಳಗೆ, ಯಾವ ತಾರೀಖಿನಲ್ಲಿ ಪುಸ್ತಕವು ಹೊರಗೆ ಹೋಯಿತೆಂದು ಗುರುತಿಸುವ ಚಿಕ್ಕ ಚೀಟಿಯೊಂದು ಅಂಟಿಸಿರುತ್ತದೆ. ಕೆಲವು ಚೀಟಿಗಳು ತುಂಬಿ, ಅವುಗಳ ಮೇಲೆ ಇನ್ನೊಂದನ್ನು ಅಂಟಿಸಿದ್ದಾರೆ. ಕೆಲವು ಪುಸ್ತಕಗಳಲ್ಲಿ, ಕೊಂಡು ಹತ್ತು ವರುಷವಾದರೂ, ಚೀಟಿಯು ಬಿಳಿಯಾಗಿಯೇ ಉಳಿದಿದೆ.